ಮನೆಯ ಸರ್ವರಿನಲ್ಲಿ ಬುಕ್‌ಮಾರ್ಕ್: ಕನ್ನಡದ ಕೊಂಡಿಗಳನ್ನು ಹುಡುಕಿಕೊಡುವುದು ಯಾವುದು?

ಸನ್ನತಿ_ಓದುಗ, ಕಲಬುರಗಿ

ಎಲ್ಲರಿಗೂ ನಮಸ್ಕಾರ. ಪದವಿ ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಲಿನಕ್ಸ್ ಹಾಕಿಕೊಳ್ಳುವಷ್ಟು ಗೊತ್ತು, ಅದು ಕೆಟ್ಟರೆ ರಿಪೇರಿ ಮಾಡುವಷ್ಟು ಗೊತ್ತಿಲ್ಲ.

ನನ್ನ ಕೊಂಡಿಗಳ ಸಂಗ್ರಹ ಈಗ ಮೂರು ಪಾಲಾಗಿದೆ. ಕಾಲೇಜಿನ ಕಂಪ್ಯೂಟರಿನ ಕ್ರೋಮ್‌ನಲ್ಲಿ ಒಂದಿಷ್ಟು, ಮನೆಯ ಫೈರ್‌ಫಾಕ್ಸ್‌ನಲ್ಲಿ ಒಂದಿಷ್ಟು, ಉಳಿದದ್ದು ಆಮೇಲೆ ಓದಲು ಕೊಂಡಿ ಕೂಡಿಡುವ ಪಾಕೆಟ್ ಸೇವೆಯಿಂದ ಇಳಿಸಿಕೊಂಡ ಸಿಎಸ್‌ವಿ (ಅಲ್ಪವಿರಾಮಗಳಿಂದ ಬೇರ್ಪಡಿಸಿದ ಪಟ್ಟಿ) ಕಡತದಲ್ಲಿ. ಪಾಕೆಟ್ 2007ರಲ್ಲಿ ಬೇರೆ ಹೆಸರಿನಲ್ಲಿ ಶುರುವಾಗಿ, 2017ರಲ್ಲಿ ಮೊಜಿಲ್ಲಾ ಕೈಗೆ ಹೋಗಿ, 2025ರ ಜುಲೈ 8ಕ್ಕೆ ಬಾಗಿಲು ಹಾಕಿತು. ಇನ್ನೊಬ್ಬರ ಉಚಿತ ಸೇವೆಯ ಕಟ್ಟೆಗೆ ಹೋಗಿ ಕೂರುವ ಬದಲು, ಮನೆಯಲ್ಲೇ ಒಂದು ಹಳೆಯ ಲ್ಯಾಪ್‌ಟಾಪಿನಲ್ಲಿ ಇಟ್ಟುಕೊಳ್ಳೋಣ ಎನಿಸಿದೆ.

ನನ್ನ ಸಂಗ್ರಹದಲ್ಲಿ ಇರುವುದು ಹೆಚ್ಚಾಗಿ ನಮ್ಮ ಭಾಗದ ಚರಿತ್ರೆ: ಮಳಖೇಡ, ಬಹಮನಿ ಕಾಲದ ಕಟ್ಟಡಗಳು, ಸನ್ನತಿಯ ಅಶೋಕನ ಶಾಸನ, ಅಲ್ಲೇ ಹತ್ತಿರದ ಕನಗನಹಳ್ಳಿಯ ಸ್ತೂಪ. ಪತ್ರಿಕೆಗಳ ಲೇಖನ, ಪಿಡಿಎಫ್, ಯಾರೋ ಪ್ರವಾಸಿಗರು ಬರೆದ ಟಿಪ್ಪಣಿ, ಎಲ್ಲವೂ ಇವೆ. ಮುಕ್ಕಾಲು ಪಾಲು ಕನ್ನಡದ್ದು. ಬೇಕಾಗಿರುವುದು ಇಷ್ಟು: ಕನ್ನಡದಲ್ಲಿ ಹುಡುಕಿದರೆ ಸಿಗಬೇಕು, ಆಯ್ದ ಕೆಲವನ್ನು ವಿದ್ಯಾರ್ಥಿಗಳಿಗೆ ತೋರಿಸಲು ಬರಬೇಕು, ಮೂಲ ಪುಟ ಮಾಯವಾದರೂ ನನ್ನ ಬಳಿ ಏನಾದರೂ ಉಳಿಯಬೇಕು. ಲಿಂಕ್‌ಡಿಂಗ್, ಲಿಂಕ್‌ವಾರ್ಡನ್, ಕಾರಾಕೀಪ್, ರೀಡೆಕ್, ವಾಲಬ್ಯಾಗ್, ಶಾರ್ಲಿ ಎಂದು ಹೆಸರುಗಳ ಸಂತೆಯೇ ಇದೆ. ಬಳಸಿದವರು ಹೇಳಿ.

ಗವಾನ್_ಚೌಕ, ಬೀದರ್

ಸರ್, ಹೆಸರುಗಳನ್ನು ಆಮೇಲೆ ನೋಡೋಣ. ನಿಮಗೆ ಬೇಕಿರುವುದು ವಿಳಾಸವೋ, ಪುಟವೋ? ಈ ಸಾಧನಗಳೆಲ್ಲ ಈ ಒಂದು ಪ್ರಶ್ನೆಯ ಮೇಲೆ ಬೇರೆ ಬೇರೆ ದಾರಿ ಹಿಡಿದಿವೆ.

ವಿಳಾಸ ಮುಖ್ಯ ಎನ್ನುವವರಿಗೆ ಲಿಂಕ್‌ಡಿಂಗ್. ಪೈಥಾನ್‌ನ ಜಾಂಗೋದಲ್ಲಿ ಬರೆದದ್ದು, ದತ್ತಾಂಶಕ್ಕೆ ಎಸ್‌ಕ್ಯೂಎಲೈಟ್ ಎಂಬ ಪುಟ್ಟ ಡೇಟಾಬೇಸ್, ಒಂದೇ ಡಾಕರ್ ಕಂಟೇನರ್ (ತಂತ್ರಾಂಶವನ್ನು ಅದಕ್ಕೆ ಬೇಕಾದದ್ದರ ಸಮೇತ ಕಟ್ಟಿಟ್ಟ ಡಬ್ಬಿ). ಕೊಂಡಿ ಕೊಟ್ಟರೆ ಶೀರ್ಷಿಕೆ, ವಿವರಣೆ ತಾನೇ ತಂದುಕೊಳ್ಳುತ್ತದೆ, ನೀವು ಟ್ಯಾಗ್ ಹಾಕಿದರೆ ಮುಗಿಯಿತು. ಬೇಕಿದ್ದರೆ ಪ್ರತಿ ಕೊಂಡಿಯ ಪ್ರತಿಯನ್ನು ಇಂಟರ್‌ನೆಟ್ ಆರ್ಕೈವ್‌ನಲ್ಲಿ ಉಳಿಸುವಂತೆಯೂ ಹೇಳಬಹುದು. ನನ್ನ ಅಂಗಡಿಯ ಮೂಲೆಯಲ್ಲಿರುವ ಮುದಿ ಡೆಸ್ಕ್‌ಟಾಪಿನಲ್ಲಿ ಇದು ಓಡುತ್ತಿದೆ ಎಂಬುದೇ ಗೊತ್ತಾಗುವುದಿಲ್ಲ. ಇನ್ನೂ ಸರಳ ಬೇಕೆಂದರೆ ಶಾರ್ಲಿ: ಪಿಎಚ್‌ಪಿ ಇದ್ದರೆ ಸಾಕು, ಡೇಟಾಬೇಸ್ ಕೂಡ ಬೇಡ, ಎಲ್ಲವೂ ಒಂದು ಕಡತದಲ್ಲಿ. ಅದು ಒಬ್ಬರೇ ಬಳಸಲೆಂದು ಮಾಡಿದ್ದು.

ಓದುವುದಕ್ಕೆಂದು ಕೂಡಿಡುವವರಿಗೆ ವಾಲಬ್ಯಾಗ್ ಮತ್ತು ರೀಡೆಕ್. ಜಾಹೀರಾತು, ಪಕ್ಕದ ಪಟ್ಟಿ ಎಲ್ಲ ಕಿತ್ತು ಹಾಕಿ ಲೇಖನದ ಪಠ್ಯವನ್ನಷ್ಟೇ ಉಳಿಸುತ್ತವೆ. ಇಪಬ್ (ಇ-ಪುಸ್ತಕ) ಮಾಡಿ ಓದುಗ ಯಂತ್ರಕ್ಕೂ ಹಾಕಿಕೊಳ್ಳಬಹುದು. ವಾಲಬ್ಯಾಗ್ 2013ರಿಂದ ಇದೆ. ಪಿಎಚ್‌ಪಿಯ ದೊಡ್ಡ ಸಂಸಾರ. ರೀಡೆಕ್ ಗೋ ಭಾಷೆಯಲ್ಲಿ ಬರೆದ ಒಂದೇ ಕಡತ. ಪ್ರತಿ ಲೇಖನವನ್ನೂ ಅದರ ಚಿತ್ರಗಳ ಸಮೇತ ಒಂದು ಜಿಪ್ ಕಡತವಾಗಿ ಇಡುತ್ತದೆ. ಎರಡರಲ್ಲಿ ನನ್ನ ಮತ ರೀಡೆಕ್‌ಗೆ.

ಪುಟ ಇದ್ದಂತೆಯೇ ಬೇಕು ಎನ್ನುವವರಿಗೆ ಲಿಂಕ್‌ವಾರ್ಡನ್ ಮತ್ತು ಕಾರಾಕೀಪ್. ಲಿಂಕ್‌ವಾರ್ಡನ್ ಪ್ರತಿ ಪುಟದ ಚಿತ್ರ, ಪಿಡಿಎಫ್, ಒಂಟಿ ಎಚ್‌ಟಿಎಂಎಲ್ ಎಲ್ಲವನ್ನೂ ತೆಗೆದಿಡುತ್ತದೆ, ಗುಂಪಿನಲ್ಲಿ ಹಂಚಿಕೊಳ್ಳಲು ಚೆನ್ನಾಗಿದೆ. ಆದರೆ ಹಿಂದೆ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಬೇಕು, ಪುಟ ತೆರೆಯಲು ಒಂದು ಅದೃಶ್ಯ ಬ್ರೌಸರ್ ಬೇಕು. ಕಾರಾಕೀಪ್‌ಗೂ ಕ್ರೋಮ್ ಒಂದು, ಹುಡುಕಾಟಕ್ಕೆ ಮೇಲಿಸರ್ಚ್ ಒಂದು. ಎರಡು ಜಿಬಿ ರ‍್ಯಾಮ್ ಇರುವ ಯಂತ್ರದಲ್ಲಿ ಇವೆರಡನ್ನೂ ಹಾಕುವ ಆಸೆ ಬಿಡಿ. ನಿಮ್ಮ ಲ್ಯಾಪ್‌ಟಾಪಿನಲ್ಲಿ ರ‍್ಯಾಮ್ ಎಷ್ಟಿದೆ?

ಸನ್ನತಿ_ಓದುಗ, ಕಲಬುರಗಿ

ನಾಲ್ಕು ಜಿಬಿ. ಹಾರ್ಡ್ ಡಿಸ್ಕ್ ಹಳೆಯ ತಿರುಗುವ ಬಗೆಯದು. ಪುಟವೂ ಬೇಕು, ವಿಳಾಸವೂ ಬೇಕು ಎಂದರೆ ಬೈಯುತ್ತೀರಿ ಎಂದು ಗೊತ್ತು.

ಸುರಪುರದವಳು, ಯಾದಗಿರಿ ಜಿಲ್ಲೆ

ಸರ್, ನಾನು ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿದ್ದೇನೆ. ನಾವು ನಾಲ್ವರು ಗೆಳತಿಯರು ಸೇರಿ ಬಾಡಿಗೆಗೆ ಒಂದು ಚಿಕ್ಕ ಸರ್ವರ್ ಹಿಡಿದು ಕಾರಾಕೀಪ್ ಹಾಕಿಕೊಂಡಿದ್ದೇವೆ. ಮೊದಲು ಅದರ ಹೆಸರು ಹೋರ್ಡರ್ ಎಂದಿತ್ತು, 2025ರಲ್ಲಿ ಬದಲಾಯಿತು. ಹಳೆಯ ವಿಡಿಯೊಗಳಲ್ಲಿ ಹಳೆಯ ಹೆಸರೇ ಇರುತ್ತದೆ, ಗೊಂದಲ ಬೇಡ.

ನಮಗೆ ಪುಟವೇ ಬೇಕು. ಒಂದು ಇಲಾಖೆಯ ನೇಮಕಾತಿ ಅಧಿಸೂಚನೆಯ ಕೊಂಡಿಯನ್ನು ಉಳಿಸಿಕೊಂಡಿದ್ದೆವು. ಸಂವಿಧಾನದ 371ಜೆ ವಿಧಿಯ ಅಡಿಯಲ್ಲಿ ನಮ್ಮ ಭಾಗಕ್ಕೆ ಮೀಸಲಾದ ಹುದ್ದೆಗಳ ಪಟ್ಟಿ ಅದರಲ್ಲಿತ್ತು. ಆಮೇಲೆ ಜಾಲತಾಣವನ್ನೇ ಹೊಸದಾಗಿ ಕಟ್ಟಿದರು, ಹಳೆಯ ವಿಳಾಸಗಳೆಲ್ಲ ಮುಖಪುಟಕ್ಕೆ ಬಂದು ನಿಲ್ಲುತ್ತವೆ. ದೋಷ ಸಂದೇಶ ಬಂದರೆ ಕೊಂಡಿ ಸತ್ತಿದೆ ಎಂದಾದರೂ ತಿಳಿಯುತ್ತದೆ. ಮುಖಪುಟ ತೆರೆದುಕೊಂಡರೆ ಯಾವ ತಪಾಸಣಾ ಸಾಧನಕ್ಕೂ ಅದು ಸತ್ತ ಕೊಂಡಿ ಎಂದು ಅನಿಸುವುದೇ ಇಲ್ಲ! ಪಿಡಿಎಫ್ ನಮ್ಮಲ್ಲಿ ಉಳಿದಿದ್ದರಿಂದ ಬಚಾವಾದೆವು.

ಕಾರಾಕೀಪ್‌ನಲ್ಲಿ ಇನ್ನೊಂದು ಅನುಕೂಲವಿದೆ. ಮೊಬೈಲಿನ ಸ್ಕ್ರೀನ್‌ಶಾಟ್ ಹಾಕಿದರೆ ಅದರಲ್ಲಿರುವ ಅಕ್ಷರಗಳನ್ನು ಓದಿ ಹುಡುಕಾಟಕ್ಕೆ ಸೇರಿಸುತ್ತದೆ. ಓದುವುದು ಟೆಸೆರಾಕ್ಟ್ ಎಂಬ ತಂತ್ರಾಂಶ, ಮೊದಲಿಗೆ ಇಂಗ್ಲಿಷ್ ಮಾತ್ರ ಇರುತ್ತದೆ, ಸಂರಚನೆಯಲ್ಲಿ ಕನ್ನಡ ಸೇರಿಸಬೇಕು. ಕೃತಕ ಬುದ್ಧಿಮತ್ತೆಯಿಂದ ಟ್ಯಾಗ್ ಹಾಕಿಸುವುದೂ ಇದೆ. ನಾವು ಅದನ್ನು ಆರಿಸಿಬಿಟ್ಟೆವು. ಒಂದೇ ವಿಷಯಕ್ಕೆ ‘ಉದ್ಯೋಗ’, ‘ನೌಕರಿ’, ‘ಕೆಲಸ’, ‘ನೇಮಕಾತಿ’ ಎಂದು ದಿನಕ್ಕೊಂದು ಟ್ಯಾಗ್ ಹಾಕಿ ಗೊಬ್ಬರದ ಗುಂಡಿ ಮಾಡಿತ್ತು.

ಶಹಾಬಾದ್_ಪರಸಿ, ಕಲಬುರಗಿ ಜಿಲ್ಲೆ

ಎಲ್ಲರೂ ಸರ್ವರ್ ಕಟ್ಟುವುದರಲ್ಲಿ ಮುಳುಗಿದ್ದೀರಿ, ಒಬ್ಬ ಅಪಸ್ವರ ಎತ್ತಬೇಕಲ್ಲ.

ಒಬ್ಬ ಮನುಷ್ಯನ ಬುಕ್‌ಮಾರ್ಕ್‌ಗೆ ಡೇಟಾಬೇಸ್ ಏಕೆ, ಕಂಟೇನರ್ ಏಕೆ? ಡೆಲಿಶಿಯಸ್ ಎಂಬ ಬುಕ್‌ಮಾರ್ಕ್ ತಾಣ ನೆನಪಿದೆಯೇ? 2003ರಲ್ಲಿ ಹುಟ್ಟಿತು, 2005ರಲ್ಲಿ ಯಾಹೂ ಕೊಂಡಿತು, ಕೈಯಿಂದ ಕೈಗೆ ದಾಟಿ 2017ರಲ್ಲಿ ಅಂಥದೇ ತಾಣ ಪಿನ್‌ಬೋರ್ಡ್ ಪಾಲಾಗಿ, ಹೊಸದೇನನ್ನೂ ಸೇರಿಸಲಾಗದ ಸ್ಥಿತಿಗೆ ಬಂತು. ಕಂಪನಿಗಳ ಕತೆ ಹೀಗೆ, ಆದ್ದರಿಂದ ಸ್ವಂತದ್ದು ಎನ್ನುತ್ತೀರಿ. ಒಪ್ಪಿದೆ. ಆದರೆ ಲೇಖನ ಉಳಿಸಿ ಓದುವ ಆಮ್ನಿವೋರ್ ಮುಕ್ತ ತಂತ್ರಾಂಶವೇ ಆಗಿತ್ತಲ್ಲ? ಅದರ ತಂಡವನ್ನು ಇಲೆವೆನ್‌ಲ್ಯಾಬ್ಸ್ ಕಂಪನಿ ಸೇರಿಸಿಕೊಂಡಿತು, 2024ರ ನವೆಂಬರಿನಲ್ಲಿ ಸೇವೆ ನಿಂತಿತು. ತಂತ್ರಾಂಶದ ಮೂಲ ಸಂಕೇತ ಇನ್ನೂ ಎಲ್ಲರಿಗೂ ಸಿಗುತ್ತದೆ, ನಿಜ. ಅದನ್ನು ಎತ್ತಿ ನಿಲ್ಲಿಸಿ ನಡೆಸುವ ಶಕ್ತಿ ನಮ್ಮಲ್ಲಿ ಎಷ್ಟು ಜನಕ್ಕಿದೆ?

ಇದೆಲ್ಲದರ ನಡುವೆ ಅಲ್ಲಾಡದೆ ನಿಂತಿರುವುದು ಒಂದೇ: ತೊಂಬತ್ತರ ದಶಕದ ನೆಟ್‌ಸ್ಕೇಪ್ ಬ್ರೌಸರಿನ ಬುಕ್‌ಮಾರ್ಕ್ ಕಡತದ ರೂಪ. ಆ ಬ್ರೌಸರ್ ಹೋಗಿ ಎಷ್ಟೋ ಕಾಲವಾಯಿತು. ಇವತ್ತಿಗೂ ಕ್ರೋಮ್, ಫೈರ್‌ಫಾಕ್ಸ್, ನೀವು ಹೇಳಿದ ಸಾಧನಗಳಲ್ಲಿ ಹೆಚ್ಚಿನವು ಅದೇ ರೂಪದಲ್ಲಿ ಕೊಡುತ್ತವೆ, ಕೊಳ್ಳುತ್ತವೆ.

ನಾನು ಮಾಡುವುದು ಹೀಗೆ. ಸಿಂಗಲ್‌ಫೈಲ್ ಎಂಬ ಬ್ರೌಸರ್ ಎಕ್ಸ್‌ಟೆನ್ಷನ್ ಇದೆ. ಒತ್ತಿದರೆ ಪುಟ ಪೂರ್ತಿ, ಚಿತ್ರಗಳ ಸಮೇತ, ಒಂದೇ ಎಚ್‌ಟಿಎಂಎಲ್ ಕಡತವಾಗಿ ಇಳಿಯುತ್ತದೆ. ಅದನ್ನು ವಿಷಯಕ್ಕೊಂದು ಫೋಲ್ಡರಿನಲ್ಲಿ ಹಾಕುತ್ತೇನೆ. ಸಿಂಕ್‌ಥಿಂಗ್ ಆ ಫೋಲ್ಡರನ್ನು ಮೊಬೈಲಿಗೂ ಮಗನ ಕಂಪ್ಯೂಟರಿಗೂ ನಕಲು ಮಾಡುತ್ತದೆ. ಬರಿಯ ಕೊಂಡಿಗಳಿಗೆ ಫ್ಲೊಕಸ್ ಇದೆ: ಬ್ರೌಸರಿನ ಬುಕ್‌ಮಾರ್ಕ್‌ಗಳನ್ನೇ ನಿಮ್ಮ ನೆಕ್ಸ್ಟ್‌ಕ್ಲೌಡ್‌ಗೋ ವೆಬ್‌ಡ್ಯಾವ್‌ಗೋ (ಸ್ವಂತ ಕಡತ ಸರ್ವರಿಗೆ) ಜೋಡಿಸುತ್ತದೆ. ನಾಳೆ ನಾನಿಲ್ಲದಿದ್ದರೂ ಮಗ ಫೋಲ್ಡರ್ ತೆರೆದು ನೋಡಬಲ್ಲ. ಡಾಕರ್ ತೆರೆದು ನೋಡು ಎಂದರೆ ಅವನು ಮನೆ ಬಿಟ್ಟು ಓಡುತ್ತಾನೆ.

ಗವಾನ್_ಚೌಕ, ಬೀದರ್

ಹಿರಿಯರ ಮಾತಿನಲ್ಲಿ ತಿರುಳಿದೆ, ಫೋಲ್ಡರನ್ನು ಮೀರಿಸುವ ಭದ್ರತೆ ಇಲ್ಲ. ಆದರೆ ಮಳಖೇಡದ ಲೇಖನವನ್ನು ‘ರಾಷ್ಟ್ರಕೂಟ’ದಲ್ಲಿ ಹಾಕುತ್ತೀರೋ, ‘ಸೇಡಂ ತಾಲ್ಲೂಕು’ ಎಂಬಲ್ಲಿ ಹಾಕುತ್ತೀರೋ? ಫೋಲ್ಡರಿನಲ್ಲಿ ಒಂದೇ ಜಾಗ. ಟ್ಯಾಗ್ ಇದ್ದರೆ ಎರಡೂ ಕಡೆ ಸಿಗುತ್ತದೆ.

ಇನ್ನೊಂದು ವಿಷಯ. ಸಿಂಗಲ್‌ಫೈಲ್ ಮತ್ತು ಲಿಂಕ್‌ಡಿಂಗ್ ಒಟ್ಟಿಗೆ ಕೆಲಸ ಮಾಡುತ್ತವೆ. ಎಕ್ಸ್‌ಟೆನ್ಷನ್‌ನಲ್ಲಿ ಸರ್ವರಿನ ವಿಳಾಸ ಮತ್ತು ಗುಪ್ತಪದದಂಥ ಟೋಕನ್ ಕೊಟ್ಟರೆ ಪುಟದ ಪ್ರತಿ ನೇರವಾಗಿ ಲಿಂಕ್‌ಡಿಂಗ್‌ಗೆ ಹೋಗಿ ಆ ಬುಕ್‌ಮಾರ್ಕಿಗೆ ಅಂಟಿಕೊಳ್ಳುತ್ತದೆ. ಸರ್ವರಿನಲ್ಲಿ ಕ್ರೋಮ್ ಓಡಿಸಬೇಕಿಲ್ಲ, ಏಕೆಂದರೆ ಪುಟವನ್ನು ತೆರೆಯುವ ಕೆಲಸ ನಿಮ್ಮ ಬ್ರೌಸರ್ ಮಾಡಿ ಮುಗಿಸಿರುತ್ತದೆ. ಲಾಗಿನ್ ಆಗಿ ಓದುವ ಪತ್ರಿಕೆಯ ಪುಟವೂ ನಿಮಗೆ ಕಂಡಂತೆಯೇ ಉಳಿಯುತ್ತದೆ. ಸರ್ವರ್ ತಾನಾಗಿ ಹೋಗಿ ತಂದರೆ ಅಲ್ಲಿ ಸಿಗುವುದು ಚಂದಾ ಕೇಳುವ ಗೋಡೆ ಮಾತ್ರ. ನಾಲ್ಕು ಜಿಬಿ ಲ್ಯಾಪ್‌ಟಾಪಿಗೆ ಇದಕ್ಕಿಂತ ಒಳ್ಳೆಯ ಹೊಂದಾಣಿಕೆ ನನಗೆ ಕಂಡಿಲ್ಲ.

ಸನ್ನತಿ_ಓದುಗ, ಕಲಬುರಗಿ

ಶಾಲೆಯ ಪರೀಕ್ಷೆಯಂತೆ ಒಂದಿಷ್ಟು ಕೊಂಡಿಗಳನ್ನು ಲಿಂಕ್‌ಡಿಂಗ್‌ಗೆ ಹಾಕಿ ನೋಡಿದೆ. ಹಾಕುವುದು ಸುಲಭ. ಹುಡುಕುವುದರಲ್ಲಿ ಮಾತ್ರ ವಿಚಿತ್ರ ಅನುಭವ.

‘ಕಲಬುರಗಿ’ ಎಂದು ಹುಡುಕಿದರೆ ಅರ್ಧಕ್ಕರ್ಧ ಲೇಖನಗಳು ಕಾಣಲಿಲ್ಲ. ಕಾರಣ ಹೊಳೆಯಲು ಹೊತ್ತಾಗಲಿಲ್ಲ: ನಗರದ ಹೆಸರು ಅಧಿಕೃತವಾಗಿ ಬದಲಾದದ್ದು 2014ರ ನವೆಂಬರ್ 1ಕ್ಕೆ, ಅದಕ್ಕಿಂತ ಹಿಂದಿನವೆಲ್ಲ ‘ಗುಲಬರ್ಗಾ’, ‘ಗುಲ್ಬರ್ಗ’. ಈಗಲೂ ಕೆಲವರು ‘ಕಲಬುರ್ಗಿ’ ಎಂದೇ ಬರೆಯುತ್ತಾರೆ. 2019ರ ನಂತರ ‘ಹೈದರಾಬಾದ್ ಕರ್ನಾಟಕ’ ಹೋಗಿ ‘ಕಲ್ಯಾಣ ಕರ್ನಾಟಕ’ ಬಂತು, ಅದೂ ಇದೇ ಫಜೀತಿ. ಮಳಖೇಡವಂತೂ ಒಂದು ಕಡೆ ಮಾನ್ಯಖೇಟ, ಇನ್ನೊಂದು ಕಡೆ ಮಳಖೇಡ. ಇದು ಯಂತ್ರದ ತಪ್ಪಲ್ಲ, ಒಪ್ಪುತ್ತೇನೆ.

ಆದರೆ ‘ಊರು’ ಎಂದರೆ ‘ಊರಿನ’ ಇರುವ ಶೀರ್ಷಿಕೆ ಬರುವುದಿಲ್ಲ. ‘ಸಾಫ್ಟ್‌ವೇರ್’ ಎಂದು ಟೈಪ್ ಮಾಡಿದರೆ ಕಣ್ಣೆದುರೇ ಇರುವ ‘ಸಾಫ್ಟ್‌ವೇರ್’ ಸಿಗುವುದಿಲ್ಲ. ಇದೇನು ಮಾಟವೋ?

ಭೀಮಾತೀರ, ಊರು ಜೇವರ್ಗಿ, ಕೆಲಸ ಬೆಂಗಳೂರು

ಸರ್, ನನ್ನ ಹೊಟ್ಟೆಪಾಡೇ ಈ ಕೆಲಸ, ಆದ್ದರಿಂದ ಸ್ವಲ್ಪ ಉದ್ದ ಬರೆಯುತ್ತೇನೆ.

‘ಸಾಫ್ಟ್‌ವೇರ್’ ಮಾಟ ಹೀಗೆ. ‘ಫ್ಟ್’ ಆದ ಮೇಲೆ ‘ವೇ’ ಒತ್ತಕ್ಷರವಾಗಿ ಕೆಳಗೆ ಇಳಿಯದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಯೂನಿಕೋಡ್ ಗುರುತು ಇರುತ್ತದೆ, ಅಗಲ ಸೊನ್ನೆ. ಕೆಲವು ಕೀಲಿಮಣೆಗಳು ಅದನ್ನು ಹಾಕುತ್ತವೆ, ಕೆಲವು ಹಾಕುವುದಿಲ್ಲ, ಕೆಲವರು ಅದರ ಬದಲು ಖಾಲಿ ಜಾಗ ಬಿಡುತ್ತಾರೆ. ಲಿಂಕ್‌ಡಿಂಗ್‌ನ ಹುಡುಕಾಟ ಅಕ್ಷರಸರಣಿಯನ್ನು ಇದ್ದಂತೆಯೇ ಹೋಲಿಸುತ್ತದೆ. ಒಂದರಲ್ಲಿ ಗುರುತು ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅದರ ಲೆಕ್ಕಕ್ಕೆ ಎರಡೂ ಬೇರೆ ಪದ. ಪದದ ಮೊದಲ ತುಂಡನ್ನು ಮಾತ್ರ ಕೊಡಿ, ‘ಸಾಫ್ಟ್’ ಎಂದರೆ ಸಾಕು.

ಇದೇ ಜಾತಿಯ ಇನ್ನೊಂದು ತೊಂದರೆ ‘ೊ’ ಮತ್ತು ‘ೋ’ ಚಿಹ್ನೆಗಳದು. ‘ತೊಗರಿ’ಯ ‘ೊ’ ಒಂದೇ ಯೂನಿಕೋಡ್ ಸಂಕೇತವಾಗಿಯೂ ಇರಬಹುದು, ‘ೆ’ ಮತ್ತು ‘ೂ’ ಎಂಬ ಎರಡು ಸಂಕೇತಗಳ ಜೋಡಿಯಾಗಿಯೂ ಇರಬಹುದು. ತೆರೆಯ ಮೇಲೆ ಎರಡೂ ಒಂದೇ ರೀತಿ ಕಾಣುತ್ತವೆ. ಯೂನಿಕೋಡ್ ಇವೆರಡನ್ನೂ ಸಮಾನ ಎಂದೇ ಹೇಳಿದೆ, ಒಂದು ರೂಪಕ್ಕೆ ತರುವ ವಿಧಾನವನ್ನೂ ಕೊಟ್ಟಿದೆ. ತಂತ್ರಾಂಶ ಬರೆದವರು ಆ ವಿಧಾನವನ್ನು ಕರೆಯಬೇಕಷ್ಟೆ. ಹೆಚ್ಚಿನವರು ಕರೆದಿರುವುದಿಲ್ಲ.

‘ಊರು’ ವಿಷಯಕ್ಕೆ ಒಂದು ಉಪಾಯವಿದೆ. ಕೊನೆಯ ಸ್ವರಚಿಹ್ನೆಯನ್ನು ಕಿತ್ತು ಹುಡುಕಿ. ‘ಊರ’ ಎಂದು ಹಾಕಿದರೆ ಊರು, ಊರಿನ, ಊರಿಗೆ, ಊರಲ್ಲಿ ಎಲ್ಲವೂ ಬರುತ್ತವೆ, ಏಕೆಂದರೆ ಯಂತ್ರದ ಪಾಲಿಗೆ ‘ರಿ’ ಎಂದರೆ ‘ರ’ ಮತ್ತು ಅದರ ಮುಂದೊಂದು ಚಿಹ್ನೆ. ‘ಕಲ್ಲ’ ಎಂದರೆ ಕಲ್ಲು, ಕಲ್ಲಿನ ಎರಡೂ ಸಿಗುತ್ತವೆ. ವ್ಯಾಕರಣ ಗೊತ್ತಿಲ್ಲದ ಈ ದಡ್ಡ ಹುಡುಕಾಟವೇ ಕನ್ನಡಕ್ಕೆ ಹೆಚ್ಚು ಹೊಂದುತ್ತದೆ ಎಂಬುದು ನನ್ನ ಅನುಭವ.

ಜಾಣ ಹುಡುಕಾಟಗಳೇ ಕೈಕೊಡುವುದು. ಎಸ್‌ಕ್ಯೂಎಲೈಟ್‌ಗೆ ಎಫ್‌ಟಿಎಸ್5 ಎಂಬ ಪೂರ್ಣಪಠ್ಯ ಹುಡುಕಾಟದ ಸೌಲಭ್ಯವಿದೆ, ಬಹಳಷ್ಟು ಚಿಕ್ಕ ತಂತ್ರಾಂಶಗಳು ಅದನ್ನೇ ನೆಚ್ಚಿಕೊಂಡಿವೆ. ಅದರ ಮೂಲ ಸ್ಥಿತಿಯಲ್ಲಿ, ಯೂನಿಕೋಡ್ ‘ಅಕ್ಷರ’ ಅಥವಾ ‘ಅಂಕಿ’ ಎಂದು ವರ್ಗೀಕರಿಸಿದ ಸಂಕೇತಗಳು ಮಾತ್ರ ಪದದ ಭಾಗ. ನಮ್ಮ ಕಾಗುಣಿತದ ಚಿಹ್ನೆಗಳು, ಅರ್ಧಾಕ್ಷರದ ಚಿಹ್ನೆ ಎಲ್ಲವೂ ‘ಗುರುತು’ ಎಂಬ ಬೇರೆ ವರ್ಗಕ್ಕೆ ಸೇರುತ್ತವೆ. ಹಾಗಾಗಿ ಅದು ಅವುಗಳನ್ನು ಖಾಲಿ ಜಾಗದಂತೆ ಕಂಡು ಪದವನ್ನು ಅಲ್ಲಲ್ಲೇ ಕತ್ತರಿಸುತ್ತದೆ. ‘ಕಲಬುರಗಿ’ ಎಂಬುದು ‘ಕಲಬ’ ಮತ್ತು ‘ರಗ’ ಎಂಬ ಎರಡು ತುಂಡಾಗುತ್ತದೆ. ಮರ, ಮರಿ, ಮರು ಮೂರೂ ‘ಮರ’ ಆಗಿಬಿಡುತ್ತವೆ. ನೀವು ಕುರಿಮರಿಯ ಬಗ್ಗೆ ಕೇಳಿದರೆ ಅದು ಬೇವಿನ ಮರವನ್ನೂ ತಂದು ನಿಲ್ಲಿಸುತ್ತದೆ. ಏನೂ ಸಿಗದೇ ಇದ್ದಿದ್ದರೆ ಬಳಕೆದಾರ ದೂರು ಕೊಡುತ್ತಿದ್ದ; ಏನೋ ಒಂದು ಸಿಗುವುದರಿಂದ ಯಾರೂ ದೂರು ಕೊಡುವುದಿಲ್ಲ. ಪದಭೇದಕದ (ಪಠ್ಯವನ್ನು ಪದಗಳಾಗಿ ಒಡೆಯುವ ಭಾಗದ) ಸಂರಚನೆಯಲ್ಲಿ ಆ ಗುರುತುಗಳ ವರ್ಗಗಳನ್ನೂ ಸೇರಿಸಿದರೆ ಸರಿಹೋಗುತ್ತದೆ, ಒಂದೇ ಸಾಲಿನ ಕೆಲಸ. ಮೂರು ಮೂರು ಸಂಕೇತಗಳಾಗಿ ಒಡೆಯುವ ಪದಭೇದಕವೂ ಅದರಲ್ಲೇ ಇದೆ, ಅದು ನಮಗೆ ಇನ್ನೂ ಒಳ್ಳೆಯದು. ಯಾವ ಸಾಧನ ತೆಗೆದುಕೊಂಡರೂ ಮೊದಲು ‘ಮರಿ’ ಎಂದು ಹುಡುಕಿ ನೋಡಿ, ‘ಮರ’ ಬಂದರೆ ಒಳಗೆ ಏನು ನಡೆದಿದೆ ಎಂದು ಗೊತ್ತಾಗುತ್ತದೆ.

ಕಾರಾಕೀಪ್‌ನ ಮೇಲಿಸರ್ಚ್ ಬೇರೆ ಬಗೆ. ಪದದ ಆರಂಭ ಹೊಂದಿದರೆ ಸಾಕು ಎನ್ನುತ್ತದೆ, ಆದ್ದರಿಂದ ‘ಶಾಸನ’ ಎಂದರೆ ‘ಶಾಸನಗಳಲ್ಲಿ’ ಕೂಡ ಸಿಗುತ್ತದೆ. ಐದು ಅಥವಾ ಅದಕ್ಕಿಂತ ಹೆಚ್ಚು ಸಂಕೇತಗಳ ಪದದಲ್ಲಿ ಒಂದು ಕಾಗುಣಿತ ತಪ್ಪನ್ನೂ, ಒಂಬತ್ತು ಮುಟ್ಟಿದರೆ ಎರಡನ್ನೂ ಮನ್ನಿಸುತ್ತದೆ. ‘ಕಲಬುರ್ಗಿ’ ಎಂದು ಬರೆದವರೂ ಹಾಗೆ ದಡ ಸೇರುತ್ತಾರೆ. ‘ಗುಲಬರ್ಗಾ’ ಮಾತ್ರ ಯಾವ ಯಂತ್ರಕ್ಕೂ ದಕ್ಕುವುದಿಲ್ಲ. ಅದಕ್ಕೆ ನೀವೇ ಟ್ಯಾಗ್ ಹಾಕಬೇಕು.

ಸುರಪುರದವಳು, ಯಾದಗಿರಿ ಜಿಲ್ಲೆ

ಅಣ್ಣ, ನಮ್ಮ ಕೆಲವು ಪಿಡಿಎಫ್‌ಗಳಲ್ಲಿ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ನಕಲು ಮಾಡಿ ಅಂಟಿಸಿದರೆ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಕಲಸುಮೇಲೋಗರ. ಹುಡುಕಾಟಕ್ಕೂ ಸಿಗುವುದಿಲ್ಲ. ಇದೂ ಅದೇ ಕಾಯಿಲೆಯೇ?

ಭೀಮಾತೀರ, ಊರು ಜೇವರ್ಗಿ, ಕೆಲಸ ಬೆಂಗಳೂರು

ಇಲ್ಲ ತಂಗಿ, ಅದು ಹಳೆಯ ಕಾಯಿಲೆ. ಯೂನಿಕೋಡ್‌ಗಿಂತ ಮೊದಲಿನ ನುಡಿ, ಬರಹ ಫಾಂಟ್‌ಗಳಲ್ಲಿ ಇಂಗ್ಲಿಷ್ ಅಕ್ಷರಗಳ ಜಾಗದಲ್ಲೇ ಕನ್ನಡದ ಆಕಾರಗಳನ್ನು ಕೂರಿಸಿದ್ದರು. ಕಡತದೊಳಗೆ ಕನ್ನಡ ಇರುವುದೇ ಇಲ್ಲ, ಇರುವುದು ಕನ್ನಡದ ವೇಷ. ಈಗ ಎರಡರಲ್ಲೂ ಯೂನಿಕೋಡ್ ಇದ್ದರೂ ಹಳೆಯ ಅಭ್ಯಾಸದ ಕಚೇರಿಗಳು ಬೇಕಾದಷ್ಟಿವೆ. ಪಠ್ಯವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತರಬಹುದು, ಇಲ್ಲವೇ ಪುಟವನ್ನು ಚಿತ್ರವೆಂದೇ ತಿಳಿದು ಟೆಸೆರಾಕ್ಟ್‌ನಿಂದ ಓದಿಸಬಹುದು. ಕೋಷ್ಟಕ ಇದ್ದರೆ ಎರಡೂ ಕಷ್ಟ. ಸಾವಿರಾರು ಕಡತ ಇಲ್ಲವೆಂದರೆ ನಾಲ್ಕು ಸಾಲಿನ ಸಾರಾಂಶವನ್ನು ನೀವೇ ಟಿಪ್ಪಣಿಯಲ್ಲಿ ಬರೆದುಕೊಳ್ಳುವುದು ಲೇಸು.

ಬಿದರಿ_ಬಟ್ಟಲು, ಬೀದರ್

ನಾನು ಬಿದರಿ ಕಲೆಯ ಮೇಲೆ ಸಂಶೋಧನೆ ಮಾಡುತ್ತಿರುವವಳು, ಲಿಂಕ್‌ಡಿಂಗ್ ಬಳಸಿ ಸುಮಾರು ಕಾಲವಾಯಿತು. ಟ್ಯಾಗ್ ವಿಷಯಕ್ಕೆ ಮಾತ್ರ ಬರುತ್ತೇನೆ.

ಲಿಂಕ್‌ಡಿಂಗ್‌ನಲ್ಲಿ ಟ್ಯಾಗ್‌ಗಳ ನಡುವಿನ ಗಡಿ ಖಾಲಿ ಜಾಗ. ‘ಬಿದರಿ ಕಲೆ’ ಎಂದು ಹಾಕಿದರೆ ‘ಬಿದರಿ’ ಒಂದು, ‘ಕಲೆ’ ಒಂದು ಆಗುತ್ತದೆ. ‘ಬಿದರಿ-ಕಲೆ’ ಎಂದು ಅಡ್ಡಗೆರೆ ಹಾಕಬೇಕು. ಸ್ಥಳ, ಕಾಲ, ಬಗೆ ಎಂದು ಮೂರೇ ಗುಂಪು ಇಟ್ಟುಕೊಂಡಿದ್ದೇನೆ. ಮಹಮೂದ್ ಗವಾನ್ ಮದರಸಾದ ಲೇಖನಕ್ಕೆ ‘ಬೀದರ್’, ‘15ನೇ-ಶತಮಾನ’, ‘ವಾಸ್ತು’. ಇಷ್ಟೇ. ಅದು 1472ರ ಕಟ್ಟಡ ಎಂಬುದೆಲ್ಲ ಟ್ಯಾಗ್‌ನಲ್ಲಿ ಬೇಡ, ಟಿಪ್ಪಣಿಯಲ್ಲಿ ಇರಲಿ. ಕೊಂಡಿಯನ್ನು ಏಕೆ ಉಳಿಸಿಕೊಂಡೆ ಎಂದು ಒಂದು ಸಾಲು ಟಿಪ್ಪಣಿ ಬರೆಯದಿದ್ದರೆ ನಾನು ಉಳಿಸುವುದೇ ಇಲ್ಲ. ಶೀರ್ಷಿಕೆಗಳನ್ನು ನಂಬಬೇಡಿ, ಪತ್ರಿಕೆಯವರ ಶೀರ್ಷಿಕೆ ಮುಕ್ಕಾಲು ಪಾಲು ಪ್ರಾಸಕ್ಕಾಗಿ ಇರುತ್ತದೆ.

ಒಂದು ಜಾಲತಾಣದಿಂದ ಬಂದ ಕೊಂಡಿಗೆಲ್ಲ ಇಂಥ ಟ್ಯಾಗ್ ಹಾಕು ಎಂದು ನಿಯಮ ಬರೆದಿಡಲೂ ಬರುತ್ತದೆ, ಅದು ಬಹಳ ಶ್ರಮ ಉಳಿಸುತ್ತದೆ.

ವಿದ್ಯಾರ್ಥಿಗಳ ಜೊತೆ ಹಂಚಿಕೊಳ್ಳುವ ಬಗ್ಗೆ, ಸರ್: ಬುಕ್‌ಮಾರ್ಕನ್ನು ‘ಹಂಚಿದ್ದು’ ಎಂದು ಗುರುತಿಸಿದರೆ ಪ್ರತ್ಯೇಕ ಪುಟದಲ್ಲಿ ಕಾಣುತ್ತದೆ, ಸಂರಚನೆಯಲ್ಲಿ ಒಪ್ಪಿಗೆ ಕೊಟ್ಟರೆ ಲಾಗಿನ್ ಇಲ್ಲದವರಿಗೂ. ಆದರೆ ಕೊಂಡಿಗಳನ್ನು ಹಂಚಿ, ಉಳಿಸಿದ ಪುಟದ ಪ್ರತಿಯನ್ನು ಹಂಚಬೇಡಿ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಕಲಂ ಸ್ವಂತ ಅಧ್ಯಯನ, ಸಂಶೋಧನೆಗೆ ನ್ಯಾಯಯುತ ಬಳಕೆಯ ಅವಕಾಶ ಕೊಡುತ್ತದೆ. ಬೇರೊಬ್ಬರ ಲೇಖನವನ್ನು ಇಡಿಯಾಗಿ ನಿಮ್ಮ ಸರ್ವರಿನಿಂದ ಲೋಕಕ್ಕೆಲ್ಲ ಬಡಿಸುವುದು ಬೇರೆ ಮಾತು.

ಶಹಾಬಾದ್_ಪರಸಿ, ಕಲಬುರಗಿ ಜಿಲ್ಲೆ

ಇಂಟರ್‌ನೆಟ್ ಆರ್ಕೈವ್ ಇರುವಾಗ ಪುಟದ ಪ್ರತಿ ನಾವೇಕೆ ಇಟ್ಟುಕೊಳ್ಳಬೇಕು ಎಂದು ಯಾರೂ ಕೇಳಲಿಲ್ಲ. ಕೇಳುವ ಮೊದಲೇ ಹೇಳುತ್ತೇನೆ. 2024ರ ಅಕ್ಟೋಬರಿನಲ್ಲಿ ಅದರ ಮೇಲೆ ದಾಳಿಯಾಗಿ ಹಲವು ದಿನ ಬಾಗಿಲು ಮುಚ್ಚಿತ್ತು. ಅದೇ ವರ್ಷ ಪ್ಯೂ ಸಂಶೋಧನಾ ಕೇಂದ್ರ ಲೆಕ್ಕ ಹಾಕಿತ್ತು: 2013ರಲ್ಲಿ ಇದ್ದ ಜಾಲಪುಟಗಳಲ್ಲಿ ಶೇ 38ರಷ್ಟು ಹತ್ತು ವರ್ಷಗಳ ನಂತರ ಸಿಗುತ್ತಿರಲಿಲ್ಲ. ನನ್ನ ಫೋಲ್ಡರ್ ವಾದಕ್ಕೆ ಇದೇ ಬೆಂಬಲ. ಟ್ಯಾಗ್ ವಿಷಯದಲ್ಲಿ ಮಾತ್ರ ಬೀದರಿನವರ ಮಾತು ಸರಿ.

ಗವಾನ್_ಚೌಕ, ಬೀದರ್

ಯಂತ್ರದ ಬಗ್ಗೆ ಯಾರೂ ಮಾತಾಡಲಿಲ್ಲ, ನನ್ನ ಕಸುಬು ಅದೇ.

ಹಳೆಯ ಲ್ಯಾಪ್‌ಟಾಪ್ ಒಳ್ಳೆಯ ಆಯ್ಕೆ, ಏಕೆಂದರೆ ಕರೆಂಟ್ ಹೋದರೂ ಅದಕ್ಕೆ ಸ್ವಂತ ಬ್ಯಾಟರಿ ಇದೆ. ಬ್ಯಾಟರಿ ಉಬ್ಬಿದೆಯೇ ಎಂದು ಮೊದಲು ನೋಡಿ. ಕೀಲಿಮಣೆ ಅಥವಾ ಟಚ್‌ಪ್ಯಾಡ್ ಮೇಲೆದ್ದಿದ್ದರೆ ಕಿತ್ತು ಹಾಕಿಸಿ, ಇನ್ವರ್ಟರ್ ಮೇಲೆ ಓಡಿಸಿ. ರೂಟರನ್ನೂ ಇನ್ವರ್ಟರಿಗೆ ಸೇರಿಸಿ. ಮುಚ್ಚಳ ಮುಚ್ಚಿದಾಗ ಲಿನಕ್ಸ್ ನಿದ್ದೆಗೆ ಜಾರದಂತೆ ಲಾಗಿನ್‌ಡಿ (ಲಾಗಿನ್, ನಿದ್ದೆ ನೋಡಿಕೊಳ್ಳುವ ಭಾಗ) ಸಂರಚನೆಯಲ್ಲಿ ‘ಮುಚ್ಚಳವನ್ನು ಲೆಕ್ಕಿಸಬೇಡ’ ಎಂಬ ಆಯ್ಕೆ ಹಾಕಬೇಕು. ಹಾರ್ಡ್ ಡಿಸ್ಕ್ ತೆಗೆದು ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿಸಿದರೆ ಅರ್ಧ ಗೋಳು ಮುಗಿಯುತ್ತದೆ.

ಕೆಲವರು ರಾಸ್ಪ್‌ಬೆರಿ ಪೈ ಹೇಳುತ್ತಾರೆ. ಕರೆಂಟ್ ಹಠಾತ್ತನೆ ಹೋದಾಗ ಎಸ್‌ಡಿ ಕಾರ್ಡ್ ಹಾಳಾಗಿ ನನ್ನ ಅಂಗಡಿಗೆ ಬಂದವರಿದ್ದಾರೆ. ಮೇಲಾಗಿ ಪೈ 80 ಡಿಗ್ರಿ ದಾಟಿದರೆ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಕಲಬುರಗಿಯ ಮೇ ತಿಂಗಳಲ್ಲಿ ಹೊರಗೆ 42 ಇದ್ದಾಗ, ಗಾಳಿಯಾಡದ ಕಪಾಟಿನೊಳಗೆ ಇಟ್ಟರೆ ಹೇಳುವುದೇ ಬೇಡ. ಲ್ಯಾಪ್‌ಟಾಪನ್ನೂ ಟಿವಿಯ ಹಿಂದೆ ತುರುಕಬೇಡಿ, ನೆಲದ ಪರಸಿ ಕಲ್ಲಿನ ಮೇಲೆ ತಳ ಸ್ವಲ್ಪ ಎತ್ತಿ ಇಡಿ.

ಹೊರಗಿನಿಂದ ತಲುಪುವುದು ಹೇಗೆ? ನಮ್ಮ ಕಡೆ ಮನೆಗೆ ಬರುವ ಫೈಬರ್ ಸಂಪರ್ಕಗಳಲ್ಲಿ ಬಹಳಷ್ಟು ಮನೆಗಳಿಗೆ ಸೇರಿ ಒಂದೇ ಹೊರ ವಿಳಾಸ ಇರುತ್ತದೆ, ರೂಟರಿನಲ್ಲಿ ಕಿಂಡಿ ತೆರೆದರೂ ಒಳಗೆ ಬರಲಾಗದು. ಟೇಲ್‌ಸ್ಕೇಲ್ ಹಾಕಿ. ವೈರ್‌ಗಾರ್ಡ್ ಎಂಬ ಖಾಸಗಿ ಜಾಲದ ತಂತ್ರದ ಮೇಲೆ ಕಟ್ಟಿದ್ದು, ಸ್ವಂತ ಬಳಕೆಗೆ ಉಚಿತ. ಲ್ಯಾಪ್‌ಟಾಪ್, ಮೊಬೈಲ್, ಕಾಲೇಜಿನ ಯಂತ್ರ ಮೂರೂ ಒಂದೇ ಖಾಸಗಿ ಜಾಲದಲ್ಲಿ ಇರುತ್ತವೆ. ವಿದ್ಯಾರ್ಥಿಗಳಿಗೆ ತೋರಿಸುವ ಪುಟವನ್ನು ಮಾತ್ರ ಹೊರಗೆ ಬಿಡಬೇಕೆಂದರೆ ಅದರಲ್ಲೇ ಫನಲ್ ಎಂಬ ಸೌಲಭ್ಯವಿದೆ. ಆದರೆ ಹಾಗೆ ಬಿಟ್ಟರೆ ಲಾಗಿನ್ ಪುಟವೂ ಹೊರಗೆ ಕಾಣುತ್ತದೆ, ಗುಪ್ತಪದ ಗಟ್ಟಿಯಾಗಿರಲಿ.

ಡಾಕರ್‌ನಲ್ಲಿ ಒಂದೇ ಒಂದು ಎಚ್ಚರಿಕೆ. ದತ್ತಾಂಶದ ಫೋಲ್ಡರನ್ನು ಕಂಟೇನರಿನ ಹೊರಗೆ, ಲ್ಯಾಪ್‌ಟಾಪಿನ ಡಿಸ್ಕಿಗೆ ಜೋಡಿಸಿ. ಒಳಗೇ ಬಿಟ್ಟರೆ ಹೊಸ ಆವೃತ್ತಿಗೆ ಕಂಟೇನರ್ ಬದಲಿಸಿದ ದಿನ ಎಲ್ಲವೂ ಗಂಗೆ ಪಾಲು. ಬ್ಯಾಕಪ್‌ಗೆ ಡೇಟಾಬೇಸ್ ಕಡತವನ್ನು ಓಡುತ್ತಿರುವಾಗಲೇ ನಕಲು ಮಾಡಬೇಡಿ, ಅರ್ಧ ಬರೆದ ಸ್ಥಿತಿಯಲ್ಲಿ ಸಿಕ್ಕೀತು. ಲಿಂಕ್‌ಡಿಂಗ್‌ನಲ್ಲೇ ಪೂರ್ಣ ಬ್ಯಾಕಪ್ ಆದೇಶವಿದೆ, ಡೇಟಾಬೇಸ್ ಮತ್ತು ಉಳಿಸಿದ ಪುಟಗಳು ಸೇರಿ ಒಂದು ಜಿಪ್ ಕಡತ ಕೊಡುತ್ತದೆ. ಪ್ರತಿ ರಾತ್ರಿ ಅದನ್ನು ಮಾಡಿಸಿ ಒಂದು ಪೆನ್‌ಡ್ರೈವ್‌ಗೆ, ಒಂದು ಮನೆಯಾಚೆಗೆ. ಒಮ್ಮೆಯಾದರೂ ಬೇರೆ ಯಂತ್ರದಲ್ಲಿ ಬಿಚ್ಚಿ, ಎಲ್ಲ ಕೊಂಡಿಗಳೂ ಬಂದವೇ ಎಂದು ನೋಡಿ.

ಸನ್ನತಿ_ಓದುಗ, ಕಲಬುರಗಿ

ಎಲ್ಲರಿಗೂ ಉಪಕಾರ. ಲಿಂಕ್‌ಡಿಂಗ್ ಮತ್ತು ಸಿಂಗಲ್‌ಫೈಲ್ ಜೋಡಿ ಎಂದು ನಿಶ್ಚಯಿಸಿದೆ. ‘ಮರಿ’ ಪರೀಕ್ಷೆಯಲ್ಲಿ ಅದು ಪಾಸಾಯಿತು, ‘ಮರ’ ಬರಲಿಲ್ಲ. ಉಳಿಸಿದ ಪುಟಗಳ ಒಳಗಿನ ಪಠ್ಯವನ್ನು ಅದು ಹುಡುಕುವುದಿಲ್ಲ, ಶೀರ್ಷಿಕೆ, ವಿವರಣೆ, ಟಿಪ್ಪಣಿ, ವಿಳಾಸ, ಟ್ಯಾಗ್ ಇಷ್ಟರಲ್ಲೇ ಎಂಬುದೂ ಗೊತ್ತಾಯಿತು. ಬಿದರಿ ಮೇಡಂ ಹೇಳಿದ ಒಂದು ಸಾಲಿನ ಟಿಪ್ಪಣಿ ಅದಕ್ಕೇ ಬೇಕು. ಹಳೆಯ ಹೆಸರಿನ ಲೇಖನಗಳಿಗೆಲ್ಲ ಒಟ್ಟಿಗೆ ಆರಿಸಿ ‘ಕಲಬುರಗಿ’ ಟ್ಯಾಗ್ ಹಾಕುವ ಸೌಲಭ್ಯವೂ ಸಿಕ್ಕಿತು.

ಕನ್ನಡ ವಿಕಿಪೀಡಿಯದ ಕೊಂಡಿಗಳು ಮಾತ್ರ ಶೇಕಡಾ ಚಿಹ್ನೆಗಳ ಉದ್ದನೆಯ ಮಾಲೆಯಾಗಿ ಬಂದಿವೆ. ಇನ್ನೊಂದು: ಪಾಕೆಟ್‌ನ ಸಿಎಸ್‌ವಿಯನ್ನು ಲಿಂಕ್‌ಡಿಂಗ್ ತೆಗೆದುಕೊಳ್ಳುತ್ತಿಲ್ಲ. ಏನು ಮಾಡಲಿ?

ಭೀಮಾತೀರ, ಊರು ಜೇವರ್ಗಿ, ಕೆಲಸ ಬೆಂಗಳೂರು

ಶೇಕಡಾ ಮಾಲೆ ತಪ್ಪಲ್ಲ ಸರ್. ಕನ್ನಡದ ಒಂದು ಸಂಕೇತಕ್ಕೆ ಮೂರು ಬೈಟ್, ವಿಳಾಸದಲ್ಲಿ ಒಂದು ಬೈಟ್‌ಗೆ ಮೂರು ಅಕ್ಷರ. ‘ಕಲಬುರಗಿ’ಯಲ್ಲಿ ಏಳು ಸಂಕೇತಗಳಿವೆ, ಆದ್ದರಿಂದ ವಿಳಾಸದಲ್ಲಿ 63 ಅಕ್ಷರಗಳಾಗುತ್ತವೆ. ಕೊಂಡಿ ಸರಿಯಾಗಿಯೇ ತೆರೆಯುತ್ತದೆ, ಹಾಗೆಯೇ ಬಿಡಿ. ಕೈಯಿಂದ ಕನ್ನಡಕ್ಕೆ ತಿದ್ದಿದರೆ ಮುಂದೆ ಅದೇ ಪುಟವನ್ನು ಮತ್ತೆ ಉಳಿಸುವಾಗ ಬೇರೆ ಕೊಂಡಿ ಎಂದು ತಿಳಿದು ಎರಡು ಪ್ರತಿ ಮಾಡೀತು.

ಲಿಂಕ್‌ಡಿಂಗ್ ತೆಗೆದುಕೊಳ್ಳುವುದು ಹಿರಿಯರು ಹೇಳಿದ ಆ ನೆಟ್‌ಸ್ಕೇಪ್ ರೂಪವನ್ನೇ. ಸಿಎಸ್‌ವಿಯಲ್ಲಿ ಶೀರ್ಷಿಕೆ, ವಿಳಾಸ, ಸೇರಿಸಿದ ಸಮಯ, ಟ್ಯಾಗ್ ಇರುತ್ತವೆ, ಲೇಖನದ ಪಠ್ಯ ಇರುವುದಿಲ್ಲ. ಇಪ್ಪತ್ತು ಸಾಲಿನ ಪೈಥಾನ್‌ನಲ್ಲಿ ಪ್ರತಿ ಸಾಲನ್ನೂ ಬುಕ್‌ಮಾರ್ಕ್ ಸಾಲಾಗಿ ಬದಲಿಸಬಹುದು. ಎರಡು ಕಡೆ ಗಮನ ಬೇಕು: ಕಡತವನ್ನು ಯುಟಿಎಫ್-8 ಎಂದೇ ತೆರೆಯಬೇಕು, ಮತ್ತು ಪಾಕೆಟ್ ಟ್ಯಾಗ್‌ಗಳ ನಡುವೆ ನೆಟ್ಟನೆಯ ಗೆರೆ ಹಾಕಿರುತ್ತದೆ, ಅದನ್ನು ಅಲ್ಪವಿರಾಮ ಮಾಡಬೇಕು. ಎಕ್ಸೆಲ್‌ನಲ್ಲಿ ತೆರೆದು ಉಳಿಸಲು ಹೋಗಬೇಡಿ, ಕನ್ನಡವೆಲ್ಲ ಪ್ರಶ್ನಾರ್ಥಕ ಚಿಹ್ನೆ ಆದೀತು. ಆ ಪೈಥಾನ್ ಸಂಕೇತವನ್ನು ಇಂದು ರಾತ್ರಿ ಬರೆದು ಇಲ್ಲಿಯೇ ಹಾಕುತ್ತೇನೆ. ಮೊದಲು ಹತ್ತು ಸಾಲಿನ ತುಣುಕಿನ ಮೇಲೆ ಓಡಿಸಿ ನೋಡಿ, ಆಮೇಲೆ ಪೂರ್ತಿ ಕಡತ.

ಸುರಪುರದವಳು, ಯಾದಗಿರಿ ಜಿಲ್ಲೆ

ಅಣ್ಣ, ಸಂಕೇತ ಹಾಕುವಾಗ ಮುಖಪುಟಕ್ಕೆ ತಿರುಗಿಸುವ ಸತ್ತ ಕೊಂಡಿಗಳನ್ನು ಹಿಡಿಯುವ ಸಾಲನ್ನೂ ಸೇರಿಸಿ. ಕೊನೆಗೆ ತಲುಪಿದ ವಿಳಾಸ ಜಾಲತಾಣದ ಬರಿಯ ಮುಖಪುಟವೇ ಆಗಿದ್ದರೆ ‘ಪರಿಶೀಲಿಸು’ ಎಂಬ ಟ್ಯಾಗ್ ಬೀಳಲಿ. ನಮಗೂ ಬೇಕು.